ಮೋಟಾರು ಪಂದ್ಯದ ಕಠಿನವಾದ ತಿರುವುಗಳು

ಮೋಟಾರು ಪಂದ್ಯಗಳ ವಿಷಯವಾಗಿ ಬರೆಯಲು ನಮ್ಮಂಥವರಿಗೇನು ಅಧಿಕಾರವೆಂದು ವಾಚಕರು ಕೇಳಿದರೆ, ಆ ಪ್ರಶ್ನೆಯು ನ್ಯಾಯವಾದುದೆಂದು ಮೊದಲೇ ಒಪ್ಪಿಕೊಳ್ಳುವೆವು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಶಬ್ದರೂಪಗಳನ್ನೂ ಧಾತುರೂಪಗಳನ್ನೂ ಬಾಯಿಪಾಠ ಮಾಡಿಸುತ್ತ ಕಾಲ ಕಳೆದ ನಾವು ಬೈಸಿಕಲ್ಲಿಗಿಂತ ಹೆಚ್ಚಿನ ವಾಹನವನ್ನು ನಡೆಯಿಸಿದವರಲ್ಲ. ಆದರೆ ಮನೆಯಲ್ಲಿ ತಮ್ಮನ ಮಕ್ಕಳಿದ್ದಾರೆ. ಭಾನುವಾರ ಸಂಜೆಯಾಯಿತೆಂದರೆ ಅವರು ಟೆಲಿವಿಷನ್ನಿನ ಮುಂದೆ ಕುಳಿತು, ದೂರದೇಶದ ಯಾವುದೋ ಊರಿನಲ್ಲಿ ಇಪ್ಪತ್ತಕ್ಕೆ ಕಡಿಮೆಯಿಲ್ಲದ ಕಾರುಗಳು ಒಂದೇ ದಾರಿಯನ್ನು ಹತ್ತಾರು ಸಲ ಸುತ್ತುವುದನ್ನು ಎವೆಯಿಕ್ಕದೆ ನೋಡುವರು. ಹೊರಟಲ್ಲಿಗೇ ತಿರುಗಿ ಬರುವುದಕ್ಕೆ ಇಷ್ಟೊಂದು ಅವಸರವೇಕೆಂದು ನಾವು ಹಾಸ್ಯ ಮಾಡುತ್ತಿದ್ದೆವು. ಒಂದು ದಿನ ಹಿರಿಯ ಹುಡುಗನು, “ದೊಡ್ಡಪ್ಪಾ, ನೇರವಾದ ದಾರಿಯಲ್ಲಿ ಯಾರು ಬೇಕಾದರೂ ಓಡಿಸಿಯಾರು. ನೀವು ತಿರುವು ಬಂದಾಗ ನೋಡಿ” ಎಂದನು. ಅಂದು ಮೊದಲ್ಗೊಂಡು ನಾವು ತಿರುವುಗಳನ್ನೇ ನೋಡತೊಡಗಿದೆವು. ಅವುಗಳ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದಿಕೊಂಡೆವು. ಹುಡುಗನ ಮಾತು ಯಥಾರ್ಥವೆಂದು ಈಗ ತೋರಿದೆ.

ಆಗುಂಬೆಯ ಘಟ್ಟವನ್ನು ಬಸ್ಸಿನಲ್ಲಿ ಇಳಿದವರಿಗೆ ತಿರುವೆಂದರೇನೆಂಬುದನ್ನು ವಿವರಿಸಬೇಕಾಗಿಲ್ಲ. ಹದಿನಾಲ್ಕು ಕಡೆಗಳಲ್ಲಿ ದಾರಿಯು ತಲೆಗೂದಲ ಪಿನ್ನಿನಂತೆ ಮಡಿಸಿಕೊಂಡು ಬಂದ ದಿಕ್ಕಿಗೇ ತಿರುಗುವುದು. ಅನುಭವಸ್ಥನಾದ ಚಾಲಕನು ಅಲ್ಲಿ ಮಾಡುವುದನ್ನು ಗಮನಿಸಿರಿ. ತಿರುವು ಕಾಣುವುದಕ್ಕೆ ಮೊದಲೇ ವೇಗವನ್ನು ತಗ್ಗಿಸುವನು. ತಿರುವಿನ ನಡುವೆ ಬ್ರೇಕನ್ನು ಒತ್ತುವುದಿಲ್ಲ. ಬಂಡಿಯ ಮುಖವು ಮುಂದಣ ದಾರಿಗೆ ನೇರವಾದ ಮೇಲೆಯೇ ವೇಗವನ್ನು ಕೂಡಿಸುವನು. ಪಂದ್ಯದ ಚಾಲಕನ ವಿದ್ಯೆಯೂ ಮೂಲತಃ ಇದೇ. ಭೇದವಿರುವುದು ಪ್ರಮಾಣದಲ್ಲಿ ಮಾತ್ರ. ಆದರೆ ಆ ಪ್ರಮಾಣವೇ ಎಲ್ಲವನ್ನೂ ಬದಲಾಯಿಸಿಬಿಡುವುದು.

ಹೇಗೆಂದರೆ, ತಿರುಗುವ ವಸ್ತುವನ್ನು ಹೊರಕ್ಕೆ ಜಾರದಂತೆ ಹಿಡಿದಿಡಲು ಬೇಕಾಗುವ ಬಲವು ವೇಗದ ವರ್ಗಕ್ಕೆ ಅನುಸಾರವಾಗಿ ಹೆಚ್ಚುವುದು. ವೇಗವು ಎರಡರಷ್ಟಾದರೆ ಬಲವು ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು. ಹದಿನೈದು ಮೀಟರು ತ್ರಿಜ್ಯದ ತಿರುವಿನಲ್ಲಿ ಬಸ್ಸು ಗಂಟೆಗೆ ೨೦ ಕಿಲೋಮೀಟರಿನಂತೆ ಹೋಗುವುದೆಂದು ಇಟ್ಟುಕೊಳ್ಳೋಣ. ಆಗ ಪ್ರಯಾಣಿಕನನ್ನು ಪಕ್ಕಕ್ಕೆ ತಳ್ಳಿದಂತೆ ತೋರುವ ಬಲವು ಅವನ ತೂಕದ ಐದನೆಯ ಒಂದು ಭಾಗದಷ್ಟು. ಅಷ್ಟಕ್ಕೇ ನಮ್ಮ ಹೊಟ್ಟೆ ತೊಳಸುವುದು, ಪಕ್ಕದವರ ಮೇಲೆ ಬೀಳುವೆವು. ೧೩೦ ಮೀಟರು ತ್ರಿಜ್ಯದ ತಿರುವಿನಲ್ಲಿ ಗಂಟೆಗೆ ೩೦೦ ಕಿಲೋಮೀಟರು ವೇಗವನ್ನು ಲೆಕ್ಕ ಹಾಕಿದರೆ ಆ ಬಲವು ತೂಕದ ಐದರಷ್ಟನ್ನು ಮೀರುವುದು. ಚಾಲಕರು ದಾರಿಯ ಅಗಲವನ್ನೆಲ್ಲ ಬಳಸಿಕೊಂಡು ತಮ್ಮ ಕಮಾನನ್ನು ದೊಡ್ಡದು ಮಾಡಿಕೊಳ್ಳುವುದರಿಂದ ನಿಜವಾಗಿ ಬೀಳುವ ಹೊರೆ ಇದಕ್ಕಿಂತ ಕಡಿಮೆ. ಆದರೂ ತಲೆಯೂ ಶಿರಸ್ತ್ರಾಣವೂ ಸೇರಿ ಕತ್ತಿನ ಮೇಲೆ ಪಕ್ಕದಿಂದ ಎಳೆಯುವ ಭಾರವನ್ನು ಊಹಿಸಿಕೊಳ್ಳಬಹುದು. ಇವರು ಕತ್ತಿಗೆಂದೇ ಬೇರೆ ವ್ಯಾಯಾಮ ಮಾಡುವರಂತೆ ಎಂದು ಕೇಳಿ ನಗುತ್ತಿದ್ದ ನಾವು ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಿದ ಮೇಲೆ ಸುಮ್ಮನಾದೆವು.

ಆ ಬಲವನ್ನು ಒದಗಿಸುವುದು ಯಾವುದು? ನಾಲ್ಕು ಚಕ್ರಗಳ ರಬ್ಬರು ನೆಲವನ್ನು ಕಚ್ಚಿ ಹಿಡಿಯುವ ಹಿಡಿತವೊಂದೇ. ಇದು ಗೃಹಸ್ಥನ ತಿಂಗಳ ವರಮಾನವಿದ್ದ ಹಾಗೆ. ಇಷ್ಟೇ ಎಂದು ಗೊತ್ತಾಗಿರುವುದು. ವೇಗವನ್ನು ತಗ್ಗಿಸುವುದಕ್ಕೂ ಅದರಲ್ಲಿಯೇ ವ್ಯಯ, ತಿರುಗುವುದಕ್ಕೂ ಅದರಲ್ಲಿಯೇ, ಮತ್ತೆ ವೇಗ ಹೆಚ್ಚಿಸುವುದಕ್ಕೂ ಅದರಲ್ಲಿಯೇ. ಎಲ್ಲವನ್ನೂ ಬ್ರೇಕಿಗೆ ಕೊಟ್ಟುಬಿಟ್ಟರೆ ತಿರುಗಲು ಏನೂ ಉಳಿಯದು. ಕಾರು ನೇರವಾಗಿ ಬೇಲಿಗೆ ಹೋಗುವುದು. ಒಳ್ಳೆಯ ಚಾಲಕನು ಮೊದಲು ಬ್ರೇಕಿಗೆ ಪೂರ್ತಿಯಾಗಿ ಕೊಟ್ಟು, ಬ್ರೇಕಿನಿಂದ ಬಿಡಿಸಿಕೊಂಡದ್ದನ್ನು ಬಿಡಿಸಿಕೊಂಡಂತೆಯೇ ತಿರುವಿಗೆ ವರ್ಗ ಮಾಡುತ್ತ, ಒಂದು ಕಾಸನ್ನೂ ಉಳಿಸದೆ, ಒಂದು ಕಾಸನ್ನೂ ಮೀರದೆ ಸಾಗುವನು. ಇಲ್ಲಿ ತಿಂಗಳ ಕೊನೆಯಲ್ಲಿ ಕೈಸಾಲ ಕೊಡುವವರಿಲ್ಲ.

ಇನ್ನು ದಾರಿ ಹಿಡಿಯುವ ಕ್ರಮ. ಹೊರ ಅಂಚಿನಿಂದ ಹೊಕ್ಕು, ಒಳ ಅಂಚನ್ನು ಮುಟ್ಟಿ, ಮತ್ತೆ ಹೊರ ಅಂಚಿಗೆ ಹೊರಡಬೇಕೆಂಬುದು ಸಾಮಾನ್ಯಸೂತ್ರ. ಒಂದು ತಿರುವಿನ ಬೆನ್ನಿಗೇ ಇನ್ನೊಂದು ತಿರುವಿದ್ದರೆ ಈ ಸೂತ್ರಕ್ಕೆ ಬಾಧೆ ಬರುವುದು. ಮೊದಲನೆಯದರಲ್ಲಿ ಹೊರ ಅಂಚಿಗೆ ಬಂದವನು ಎರಡನೆಯದಕ್ಕೆ ತಪ್ಪು ಬದಿಯಲ್ಲಿ ನಿಲ್ಲುವನು. ಆದ್ದರಿಂದ ಮೊದಲನೆಯದನ್ನು ಬೇಕೆಂತಲೇ ಸ್ವಲ್ಪ ಕೆಡಿಸಿಕೊಂಡು ಎರಡನೆಯದನ್ನು ಉಳಿಸಿಕೊಳ್ಳಬೇಕು. ಸಂಧಿಯಲ್ಲಿ ಉತ್ತರಪದಕ್ಕಾಗಿ ಪೂರ್ವಪದದ ಅಂತ್ಯವು ವಿಕಾರ ಹೊಂದುವುದಿಲ್ಲವೆ, ಹಾಗೆ. ಈ ಹೋಲಿಕೆಯನ್ನು ಹುಡುಗರಿಗೆ ಹೇಳಿದೆವು. ಅವರಿಗೆ ಕಾರು ತಿಳಿಯಿತು, ಸಂಧಿ ತಿಳಿಯಲಿಲ್ಲ.

ಹಾಗಾದರೆ ಅತ್ಯಂತ ಕಠಿನವಾದ ತಿರುವು ಯಾವುದು? ಅತ್ಯಂತ ಬಾಗಿದುದೆಂದು ಹೇಳುವಂತಿಲ್ಲ. ಮೊನಾಕೊ ನಗರದ ಬೀದಿಗಳಲ್ಲಿ ನಡೆಯುವ ಪಂದ್ಯದಲ್ಲಿ ಒಂದು ಹೋಟೆಲಿನ ಮುಂದೆ ಪಿನ್ನಿನಾಕಾರದ ತಿರುವೊಂದಿದೆ. ಫಾರ್ಮುಲಾ ಒಂದರ ಪಂದ್ಯಗಳಲ್ಲೆಲ್ಲ ಅತ್ಯಂತ ನಿಧಾನವಾದುದು ಅದೇ. ಗಂಟೆಗೆ ಸುಮಾರು ೫೦ ಕಿಲೋಮೀಟರು ವೇಗ. ಅದಕ್ಕಾಗಿ ಕಾರಿನ ಮುಂದಣ ಚಕ್ರಗಳು ಬೇರೆಡೆಗಿಂತ ಹೆಚ್ಚು ತಿರುಗುವಂತೆ ಏರ್ಪಾಡು ಮಾಡಿಕೊಂಡು ಬರುವರು. ಅಲ್ಲಿ ತಪ್ಪಿದವನಿಗೆ ಕಾರಿನ ಮೂತಿ ಮುರಿಯುವುದು, ಪ್ರತಿಷ್ಠೆಗೆ ಭಂಗವಾಗುವುದು, ಅಷ್ಟೆ.

ಆದರೆ ಅದೇ ಊರಿನಲ್ಲಿ ಬಂದರಿನ ಪಕ್ಕದ ಓರೆದಾರಿಯಲ್ಲಿ ೧೯೫೫ನೆಯ ಮೇ ೨೨ರಂದು ಇಟಲಿಯ ಆಲ್ಬೆರ್ಟೋ ಅಸ್ಕಾರಿಯು ತನ್ನ ಲಾಂಚಿಯಾ ಕಾರಿನೊಡನೆ ಸಮುದ್ರಕ್ಕೇ ಬಿದ್ದನು. ಎರಡು ಬಾರಿ ಜಗತ್ತಿನ ಚಾಂಪಿಯನ್ ಆಗಿದ್ದವನು ಆತ. ಮೂಗು ಮುರಿದುಕೊಂಡು, ನೀರಿನಿಂದ ಎದ್ದು ಬಂದನು. ನಾಲ್ಕು ದಿನಗಳು ಕಳೆಯುವಷ್ಟರಲ್ಲಿ ಮೋಂಜಾ ಪಂದ್ಯಪಥದಲ್ಲಿ ಗೆಳೆಯನ ಫೆರಾರಿ ಕಾರನ್ನು ನಾಲ್ಕು ಸುತ್ತು ಓಡಿಸಿ ನೋಡುವೆನೆಂದು ಹೊರಟು, ವಿಯಾಲೋನೆ ಎಂಬ ತಿರುವಿನಲ್ಲಿ ಮೃತನಾದನು. ಆ ತಿರುವಿಗೆ ಈಗ ಅವನದೇ ಹೆಸರು. ಕಾರಣವೇನೆಂಬುದು ಇಂದಿಗೂ ನಿರ್ಧಾರವಾಗಿಲ್ಲ. ಅವನ ತಂದೆ ಅಂತೋನಿಯೋ ಅಸ್ಕಾರಿಯೂ ಪಂದ್ಯದ ಚಾಲಕನೇ. ೧೯೨೫ನೆಯ ಜುಲೈ ೨೬ರಂದು ಫ್ರಾನ್ಸಿನ ಮೋಂಲೇರಿ ಪಥದ ಒಂದು ಎಡತಿರುವಿನಲ್ಲಿ ಬೇಲಿಗೆ ತಗುಲಿ ಮಡಿದನು. ಆಗ ಮಗನಿಗೆ ಏಳು ವರ್ಷ. ತಂದೆಗೂ ಮಗನಿಗೂ ಮರಣಕಾಲದಲ್ಲಿ ಮೂವತ್ತಾರೇ ವಯಸ್ಸು. ಇಬ್ಬರಿಗೂ ತಾರೀಖು ಇಪ್ಪತ್ತಾರೇ. ಜ್ಯೋತಿಷ್ಯದಲ್ಲಿ ನಮಗೆ ಅಷ್ಟಾಗಿ ನಂಬಿಕೆಯಿಲ್ಲದಿದ್ದರೂ ಇದನ್ನು ಓದಿದ ರಾತ್ರಿ ಬಹಳ ಹೊತ್ತು ನಿದ್ರೆ ಬರಲಿಲ್ಲ.

ಆ ತಂದೆಯು ಸಾಯುವುದಕ್ಕೆ ಒಂದು ತಿಂಗಳು ಮುಂಚೆ ಬೆಲ್ಜಿಯಂ ದೇಶದ ಮೊದಲನೆಯ ಗ್ರಾಂಪ್ರಿ ಪಂದ್ಯವನ್ನು ಗೆದ್ದಿದ್ದನು. ಆ ಪಂದ್ಯ ನಡೆದ ಸ್ಥಳವೇ ಸ್ಪಾ–ಫ್ರಾಂಕೋರ್ಶಾಂ. ತಿರುವುಗಳ ವಿಷಯವನ್ನು ಎತ್ತಿದವರೆಲ್ಲರೂ ಕೊನೆಗೆ ಬಂದು ನಿಲ್ಲುವುದು ಅಲ್ಲಿಯೇ.

ಬೆಲ್ಜಿಯಂ ದೇಶದ ಪೂರ್ವಭಾಗದಲ್ಲಿ ಆರ್ದೆನ್ ಎಂಬ ಅರಣ್ಯಮಯವಾದ ಬೆಟ್ಟದ ಸೀಮೆಯಿದೆ. ಖನಿಜಜಲದ ಬುಗ್ಗೆಗಳಿಗೆ ಹೆಸರಾದ ಸ್ಪಾ ಎಂಬ ಊರಿನ ಸಮೀಪದಲ್ಲಿ, ಫ್ರಾಂಕೋರ್ಶಾಂ, ಮಾಲ್ಮೆಡಿ, ಸ್ಟಾವೆಲೋ ಎಂಬ ಮೂರು ಊರುಗಳ ನಡುವಣ ಸಾರ್ವಜನಿಕ ರಸ್ತೆಗಳನ್ನೇ ಸೇರಿಸಿ ೧೯೨೧ರಲ್ಲಿ ತ್ರಿಕೋಣಾಕಾರದ ಪಂದ್ಯಪಥವನ್ನು ಕಲ್ಪಿಸಿದರು. ಅದರ ಒಂದು ತಗ್ಗಿನಲ್ಲಿ ಸಣ್ಣ ತೊರೆಯೊಂದು ಹರಿಯುವುದು. ಕಬ್ಬಿಣದ ಅಂಶವು ಬೆರೆತು ನೀರು ಕೆಂಪಾಗಿರುವುದರಿಂದ ಅದಕ್ಕೆ ಫ್ರೆಂಚ್ ಭಾಷೆಯಲ್ಲಿ ಓ ರೂಜ್, ಎಂದರೆ ಕೆನ್ನೀರು, ಎಂದು ಹೆಸರು. ಮೊದಲನೆಯ ಮಹಾಯುದ್ಧವು ಮುಗಿದು ಆ ಪ್ರಾಂತವು ಬೆಲ್ಜಿಯಮ್ಮಿಗೆ ಸೇರುವವರೆಗೂ ಈ ತೊರೆಯೇ ಜರ್ಮನಿಗೂ ಬೆಲ್ಜಿಯಮ್ಮಿಗೂ ಗಡಿಯಾಗಿದ್ದಿತು. ಮೊದಮೊದಲು ಕಾರುಗಳು ತೊರೆಯನ್ನು ದಾಟಿ, ಎಡಕ್ಕೆ ಹೊರಳಿ, ಹಳೆಯ ಸುಂಕದ ಕಟ್ಟೆಯ ಬಳಿ ನಿಧಾನವಾಗಿ ಸುತ್ತಿಕೊಂಡು ಮೇಲಕ್ಕೆ ಬರುತ್ತಿದ್ದುವು. ೧೯೩೯ರಲ್ಲಿ ಆ ಸುತ್ತನ್ನು ತಪ್ಪಿಸಿ, ತೊರೆಯಿಂದ ಗುಡ್ಡದ ಮೇಲಕ್ಕೆ ನೆಟ್ಟಗೆ ಏರುವ ದಾರಿಯನ್ನು ಕಡಿದರು. ರೆದಿಯೋಂ, ಅಂದರೆ ಕಡಿದಾದ ಸಣ್ಣ ಏರು, ಎಂಬುದು ಅದರ ಹೆಸರು. ಜನರು ಎರಡನ್ನೂ ಸೇರಿಸಿ ಓ ರೂಜ್ ಎಂದೇ ಕರೆಯುವರು.

ಅದನ್ನು ಕಣ್ಣಿಗೆ ಕಟ್ಟುವಂತೆ ಹೇಳಲು ಯತ್ನಿಸುವೆವು. ಲಾ ಸೂರ್ಸ್ ಎಂಬ ಪಿನ್ನಿನಾಕಾರದ ತಿರುವಿನಿಂದ ಹೊರಟ ಕಾರು ಇಳಿಜಾರಿನಲ್ಲಿ ತಗ್ಗಿನ ಕಡೆಗೆ ಧಾವಿಸುವುದು. ಎದುರಿಗೆ ಗುಡ್ಡವು ಗೋಡೆಯಂತೆ ನಿಂತಿರುವುದು. ತಗ್ಗನ್ನು ಮುಟ್ಟುವಾಗ ಮೊದಲು ಎಡಕ್ಕೆ. ಮುಟ್ಟಿ ಏಳುವಾಗಲೇ ಬಲಕ್ಕೆ. ಏರಿನ ನೆತ್ತಿಯಲ್ಲಿ ಮತ್ತೆ ಎಡಕ್ಕೆ. ಈ ಮೂರೂ ಕೆಲವೇ ಕ್ಷಣಗಳಲ್ಲಿ. ಇಷ್ಟರೊಳಗೆ ಕಾರು ಸುಮಾರು ನಲವತ್ತು ಮೀಟರು ಎತ್ತರವನ್ನು ಏರಿರುವುದು. ಇಳಿತವು ಮುಗಿದು ಏರು ತೊಡಗುವ ತಗ್ಗಿನಲ್ಲಿ ಕಾರೂ ಚಾಲಕನೂ ನೆಲಕ್ಕೆ ಅದುಮಲ್ಪಡುವರು. ಬೆನ್ನೆಲುಬಿನ ಮೇಲೆ ಹೊರೆ ಬೀಳುವುದು. ನೆತ್ತಿಯನ್ನು ಮುಟ್ಟಿದೊಡನೆ ಅದಕ್ಕೆ ವಿರುದ್ಧವಾಗಿ ಕಾರು ಹಗುರವಾಗುವುದು, ಹಿಡಿತವು ಕಡಿಮೆಯಾಗುವುದು. ಹಿಡಿತವು ಕಡಿಮೆಯಾಗುವ ಸ್ಥಳದಲ್ಲಿಯೇ ಕೊನೆಯ ತಿರುವು. ಆ ತಿರುವಿನ ಆಚೆ ಏನಿದೆಯೆಂಬುದು ಕೆಳಗಿನಿಂದ ಕಾಣುವುದೂ ಇಲ್ಲ. ಚಾಲಕನು ಕಾಣದ ದಾರಿಗೆ ಚಕ್ರವನ್ನು ತಿರುಗಿಸಬೇಕು.

ಮೇಲೆ ಕೆಮೆಲ್ ಎಂಬ ನೀಳವಾದ ನೇರದಾರಿಯಿರುವುದು. ನೆತ್ತಿಯಲ್ಲಿ ಕಳೆದುಕೊಂಡ ವೇಗವನ್ನು ಆ ದಾರಿಯುದ್ದಕ್ಕೂ ತೆರಬೇಕಾಗುವುದರಿಂದ, ಹೆದರಿ ಕಾಲನ್ನು ಎತ್ತಿದವನನ್ನು ಹಿಂದಿನವನು ಮುಂದೆ ಹಿಡಿದೇ ಹಿಡಿಯುವನು. ಅಲ್ಲದೆ ಹೆದರಿಕೆಗೆ ಇನ್ನೊಂದು ದಂಡವೂ ಉಂಟು. ಈಗಿನ ಪಂದ್ಯದ ಕಾರುಗಳಿಗೆ ವಿಮಾನದ ರೆಕ್ಕೆಯನ್ನು ತಲೆಕೆಳಗಾಗಿ ಇಟ್ಟಂಥ ರೆಕ್ಕೆಗಳಿವೆ. ಗಾಳಿಯು ವಿಮಾನವನ್ನು ಎತ್ತುವಂತೆ ಇವನ್ನು ನೆಲಕ್ಕೆ ಒತ್ತುವುದು. ವೇಗವು ಹೆಚ್ಚಿದಷ್ಟೂ ಒತ್ತಡವು ಹೆಚ್ಚು, ಒತ್ತಡವು ಹೆಚ್ಚಿದಷ್ಟೂ ಹಿಡಿತವು ಹೆಚ್ಚು. ಅಂದ ಮೇಲೆ ಅರೆಮನಸ್ಸಿನಿಂದ ಹೋದವನಿಗೆ ಪೂರ್ಣಮನಸ್ಸಿನಿಂದ ಹೋದವನಿಗಿರುವ ಹಿಡಿತವು ದೊರೆಯದು. ಬುದ್ಧಿಯು ನಿಧಾನವೆನ್ನುವಾಗ ಲೆಕ್ಕವು ವೇಗವೆನ್ನುವುದು. ಇಂಥ ವಿಪರೀತವನ್ನು ನಾವು ಬೇರೆಲ್ಲಿಯೂ ಕಂಡಿಲ್ಲ.

೧೯೯೯ರಲ್ಲಿ ಒಂದೇ ತಂಡದ ಇಬ್ಬರು ಚಾಲಕರು, ಜಾಕ್ ವಿಲ್ನೋವ್ ಮತ್ತು ರಿಕಾರ್ಡೋ ಜೊಂಟಾ, ಒಂದೇ ದಿನದ ಅರ್ಹತಾಪರೀಕ್ಷೆಯಲ್ಲಿ ಒಬ್ಬರ ಬಳಿಕ ಒಬ್ಬರು ಇಲ್ಲಿಯೇ ಕಾರುಗಳನ್ನು ನುಚ್ಚುನೂರು ಮಾಡಿಕೊಂಡರು. ಇಬ್ಬರೂ ನಡೆದುಕೊಂಡು ಬಂದರು. ಎಲ್ಲರಿಗೂ ಆ ಭಾಗ್ಯವಿರಲಿಲ್ಲ. ಜರ್ಮನಿಯ ಸ್ಟೆಫಾನ್ ಬೆಲೋಫ್ ಎಂಬ ತರುಣನು ೧೯೮೫ನೆಯ ಸೆಪ್ಟೆಂಬರ್ ೧ರಂದು, ಬೆಲ್ಜಿಯಂ ದೇಶದವನೇ ಆದ ಜಾಕಿ ಇಕ್ಸ್‌ನ ಕಾರನ್ನು ಓ ರೂಜಿನಲ್ಲಿಯೇ ದಾಟಲು ಹೋಗಿ, ಎರಡು ಕಾರುಗಳೂ ತಗುಲಿ, ಗೋಡೆಗೆ ಅಪ್ಪಳಿಸಿ ತೀರಿಕೊಂಡನು. ವಯಸ್ಸು ಇಪ್ಪತ್ತೇಳು. ಆತನು ೧೯೮೩ರಲ್ಲಿ ಜರ್ಮನಿಯ ನ್ಯೂರ್ಬುರ್ಗ್‌ರಿಂಗ್ ಪಥವನ್ನು ೬ ನಿಮಿಷ ೧೧ ಸೆಕೆಂಡುಗಳಲ್ಲಿ ಸುತ್ತಿದ್ದುದನ್ನು ಮೂವತ್ತೈದು ವರ್ಷಗಳವರೆಗೆ ಯಾರೂ ಮೀರಲಾರದೆ ಹೋದರು. ೨೦೧೯ನೆಯ ಆಗಸ್ಟ್ ೩೧ರಂದು ಫ್ರಾನ್ಸಿನ ಆಂತ್ವಾನ್ ಯೂಬೇರ್ ಎಂಬ ಇಪ್ಪತ್ತೆರಡರ ಹುಡುಗನು, ಮುಂದಿನ ಗೊಂದಲದಲ್ಲಿ ದಾರಿ ತಪ್ಪಿ, ನೆತ್ತಿಯ ಆಚೆಯ ತಡೆಗೋಡೆಗೆ ಬಡಿದು ದಾರಿಯ ಕಡೆಗೆ ಪುಟಿದು ಬಂದನು. ಹಿಂದಿನಿಂದ ಬಂದ ಹ್ವಾನ್ ಮಾನ್ವೆಲ್ ಕೊರಿಯಾನ ಕಾರು ಅವನನ್ನು ಹೊಡೆಯಿತು. ಯೂಬೇರ್ ಉಳಿಯಲಿಲ್ಲ. ಎರಡು ಕಾಲುಗಳಿಗೂ ಘೋರವಾದ ಗಾಯವಾಗಿದ್ದ ಕೊರಿಯಾನು ಎಷ್ಟೋ ಶಸ್ತ್ರಚಿಕಿತ್ಸೆಗಳ ತರುವಾಯ ೨೦೨೧ರಲ್ಲಿ ಮತ್ತೆ ಪಂದ್ಯಕ್ಕೆ ಇಳಿದನು.

ವಿಚಿತ್ರವೇನೆಂದರೆ, ಈಚಿನ ಫಾರ್ಮುಲಾ ಒಂದರ ಕಾರುಗಳಿಗೆ ಒಣಗಿದ ನೆಲದಲ್ಲಿ ಓ ರೂಜ್ ಮೊದಲಿನಷ್ಟು ಕಠಿನವಾಗಿ ಉಳಿದಿಲ್ಲ. ಕಾಲನ್ನು ಎತ್ತದೆಯೇ ಏರಿಬಿಡುವರು. ಕಠಿನತೆಯು ಕಡಿಮೆಯಾಯಿತು, ಅಪಾಯವು ಕಡಿಮೆಯಾಗಲಿಲ್ಲ. ಈ ಎರಡೂ ಒಂದೇ ಅಲ್ಲವೆಂಬುದು ನಮಗೆ ಮೊದಲು ಹೊಳೆದದ್ದು ಇಲ್ಲಿ. (ಅಂದಹಾಗೆ, ಬೆಂಗಳೂರಿನ ಉದ್ಯಮಿ ವಿಜಯ ಮಲ್ಯರ ಒಡೆತನದಲ್ಲಿದ್ದ ಫೋರ್ಸ್ ಇಂಡಿಯಾ ತಂಡವು ೨೦೦೯ರಲ್ಲಿ ಇದೇ ಸ್ಪಾದಲ್ಲಿ ಮೊದಲ ಸಾಲಿನ ಮೊದಲ ಸ್ಥಾನದಿಂದ ಹೊರಟು, ಇಟಲಿಯ ಫಿಸಿಕೆಲ್ಲಾನ ಕೈಯಲ್ಲಿ ಎರಡನೆಯದಾಗಿ ಗುರಿ ಮುಟ್ಟಿತು. ತಂಡದ ಮುಂದಿನ ಕಥೆ ಈ ಲೇಖನಕ್ಕೆ ಸೇರಿದುದಲ್ಲ.)

ಜರ್ಮನಿಯ ನ್ಯೂರ್ಬುರ್ಗ್‌ರಿಂಗಿನ ಕಠಿನತೆಯು ಬೇರೊಂದು ಜಾತಿಯದು. ಐಫೆಲ್ ಬೆಟ್ಟಗಳ ನಡುವೆ, ನಿರುದ್ಯೋಗಿಗಳಿಗೆ ಕೆಲಸವಾಗಲೆಂಬ ಉದ್ದೇಶದಿಂದಲೂ ೧೯೨೫ರಲ್ಲಿ ತೊಡಗಿ ೧೯೨೭ರಲ್ಲಿ ತೆರೆದ ಈ ಪಥದ ಉತ್ತರಭಾಗವೇ ಸುಮಾರು ೨೧ ಕಿಲೋಮೀಟರು; ಎಪ್ಪತ್ತಕ್ಕೂ ಮೇಲ್ಪಟ್ಟ ತಿರುವುಗಳು. ಇಲ್ಲಿ ಒಂದೊಂದು ತಿರುವೂ ದುಸ್ಸಾಧ್ಯವೆಂದಲ್ಲ. ಅಷ್ಟನ್ನೂ ಕ್ರಮ ತಪ್ಪದೆ ನೆನಪಿಟ್ಟುಕೊಳ್ಳುವುದೇ ದುಸ್ಸಾಧ್ಯ. ವೇದಾಧ್ಯಯನ ಮಾಡಿದವರಿಗೆ ಇದರ ಮರ್ಮವು ತಿಳಿದೀತು. ಒಂದನ್ನು ಮರೆತರೆ ಮುಂದಿನದು ತಾನಾಗಿಯೇ ತಪ್ಪುವುದು. ಸ್ಕಾಟ್ಲೆಂಡಿನ ಜಾಕಿ ಸ್ಟ್ಯುವರ್ಟ್ ಇದನ್ನು ಹಸುರು ನರಕವೆಂದು ಕರೆದನು. ಆದರೂ ಅಲ್ಲಿ ಮೂರು ಬಾರಿ ಜಯಶಾಲಿಯಾದನು.

ಅಲ್ಲಿಯ ಕಾರುಸೆಲ್ ಎಂಬ ತಿರುವಿನ ಕಥೆ ಚೆನ್ನಾಗಿದೆ. ಅರ್ಧವೃತ್ತವನ್ನೂ ಮೀರಿ ಎಡಕ್ಕೆ ಸುತ್ತುವ ಆ ತಿರುವಿನ ಒಳ ಅಂಚಿನಲ್ಲಿ ಮಳೆಯ ನೀರು ಹರಿಯಲೆಂದು ಓರೆಯಾದ ಚರಂಡಿಯಿದ್ದಿತು. ಜರ್ಮನಿಯ ರುಡೋಲ್ಫ್ ಕಾರಾಚಿಯೋಲಾ ಎಂಬಾತನು, ಈ ಓರೆಯಲ್ಲಿ ಚಕ್ರವನ್ನಿಟ್ಟರೆ ಕಾರು ಹೊರಕ್ಕೆ ಜಾರಲಾರದೆಂದು ಯೋಚಿಸಿ, ಎಲ್ಲರೂ ದಾರಿಯ ಮೇಲೆ ಹೋಗುತ್ತಿರಲು ತಾನೊಬ್ಬನು ಚರಂಡಿಗೆ ಇಳಿದು ಮುಂದೆ ಹೋಗಿಬಿಟ್ಟನು. ಬಳಿಕ ಎಲ್ಲರೂ ಚರಂಡಿಗೇ ಇಳಿಯತೊಡಗಿದರು. ಅದಕ್ಕೆ ಕಾಂಕ್ರೀಟು ಹಾಕಿದ್ದಾಯಿತು. ತಿರುವಿಗೆ ಅವನ ಹೆಸರನ್ನೇ ಇಟ್ಟದ್ದೂ ಆಯಿತು. ಹೊಗುವಾಗ ತಿರುವು ಕಾಣುವುದಿಲ್ಲ. ಅಲ್ಲಿ ಅತ್ಯಂತ ಎತ್ತರವಾದ ಮರಕ್ಕೆ ಗುರಿಯಿಟ್ಟು ಹೋಗಬೇಕೆಂದು ಅರ್ಜೆಂಟೀನಾದ ಫಾಂಜಿಯೋ ಕಿರಿಯರಿಗೆ ಹೇಳುತ್ತಿದ್ದನೆಂದು ಪ್ರತೀತಿ. ಆ ಫಾಂಜಿಯೋ ೧೯೫೭ರಲ್ಲಿ ತನ್ನ ನಲವತ್ತಾರನೆಯ ವಯಸ್ಸಿನಲ್ಲಿ, ನಡುವೆ ಪೆಟ್ರೋಲು ಚಕ್ರಗಳಿಗಾಗಿ ನಿಂತು ಮುಕ್ಕಾಲು ನಿಮಿಷಕ್ಕೂ ಹಿಂದೆ ಬಿದ್ದವನು, ಸುತ್ತಿನ ಮೇಲೆ ಸುತ್ತು ದಾಖಲೆ ಮುರಿಯುತ್ತ ಬಂದು, ಕೊನೆಯ ಹಿಂದಿನ ಸುತ್ತಿನಲ್ಲಿ ಹಾಥಾರ್ನ್, ಕಾಲಿನ್ಸ್ ಎಂಬಿಬ್ಬರು ತರುಣರನ್ನು ದಾಟಿ ಗೆದ್ದನು. ಅದು ಅವನ ಐದನೆಯ ಚಾಂಪಿಯನ್ ಪಟ್ಟವನ್ನು ಸ್ಥಿರಪಡಿಸಿದ ಜಯ; ಅವನ ಗ್ರಾಂಪ್ರಿ ಜಯಗಳಲ್ಲಿ ಕೊನೆಯದೂ ಅದೇ. ನಿವೃತ್ತರಾದ ನಮ್ಮಂಥವರಿಗೆ ಈ ಕಥೆಯು ಸ್ವಲ್ಪ ಹೆಚ್ಚಾಗಿಯೇ ಹಿಡಿಸುವುದು.

ಆಸ್ಟ್ರಿಯಾದ ನಿಕಿ ಲೌಡಾ ೧೯೭೬ರಲ್ಲಿ ಅಲ್ಲಿಯೇ ಉರಿಯಲ್ಲಿ ಬೆಂದದ್ದು ಕಾರುಸೆಲ್ಲಿನಲ್ಲಲ್ಲ, ಬೆರ್ಗ್‌ವೆರ್ಕ್ ಎಂಬುದಕ್ಕೆ ಸ್ವಲ್ಪ ಮುಂಚೆ, ಯಾರೂ ಕಠಿನವೆಂದು ಎಣಿಸದ ಒಂದು ಎಡತಿರುವಿನಲ್ಲಿ. ಹಿಂದೆ ಬಂದ ಚಾಲಕರೇ ನಿಂತು ಅವನನ್ನು ಬೆಂಕಿಯಿಂದ ಎಳೆದರು. ಇಷ್ಟು ದೀರ್ಘವಾದ ಪಥದಲ್ಲಿ ಬೆಂಕಿ ಆರಿಸುವವರೂ ವೈದ್ಯರೂ ಎಲ್ಲೆಡೆಯಲ್ಲಿಯೂ ಸಿದ್ಧರಾಗಿರುವುದೆಂತು? ಆಸ್ಪತ್ರೆಯಲ್ಲಿ ಪಾದ್ರಿಯು ಅಂತ್ಯಕಾಲದ ಸಂಸ್ಕಾರವನ್ನೂ ನಡೆಸಿದನು. ಆರು ವಾರಗಳು ಕಳೆದ ಮೇಲೆ ಲೌಡಾ ತಲೆಯ ಗಾಯಗಳಿಗೆ ಪಟ್ಟಿ ಸುತ್ತಿಕೊಂಡು ಮೋಂಜಾದಲ್ಲಿ ನಾಲ್ಕನೆಯವನಾಗಿ ಬಂದನು. ಫಾರ್ಮುಲಾ ಒಂದು ಆ ಹಳೆಯ ಪಥಕ್ಕೆ ಮತ್ತೆ ಕಾಲಿಡಲಿಲ್ಲ.

ಜಪಾನಿನ ಸುಜುಕಾ ಪಥವನ್ನು ಹೋಂಡಾ ಸಂಸ್ಥೆಯವರು ೧೯೬೨ರಲ್ಲಿ ಕಟ್ಟಿಸಿದರು. ಹುಗೆನ್‌ಹೋಲ್ಟ್ಸ್ ಎಂಬ ಡಚ್ಚರವನು ರೂಪಿಸಿದ ಈ ಪಥವು ಎಂಟರ ಅಂಕಿಯ ಆಕಾರದಲ್ಲಿದ್ದು ತನ್ನನ್ನು ತಾನೇ ಸೇತುವೆಯಿಂದ ದಾಟುವುದು. ನಾವು ಮೇಲೆ ಲೆಕ್ಕ ಹಾಕಿದ ೧೩೦ ಮೀಟರು ತ್ರಿಜ್ಯದ ತಿರುವು ಇಲ್ಲಿಯದೇ. ಹೆಸರೇ ‘೧೩೦ ಆರ್’. ೨೦೦೨ರಲ್ಲಿ ಅಲನ್ ಮ್ಯಾಕ್‌ನಿಷ್ ಎಂಬವನು ಅಲ್ಲಿ ಹಿಮ್ಮುಖವಾಗಿ ತಡೆಬೇಲಿಯನ್ನೇ ತೂರಿಹೋದ ಮೇಲೆ ಮರುವರ್ಷ ಅದರ ವಕ್ರತೆಯನ್ನು ತಿದ್ದಿದರು. ಅಲ್ಲಿ ಡೆಗ್ನರ್ ಎಂಬ ತಿರುವೂ ಇದೆ. ಎರ್ನ್‌ಸ್ಟ್ ಡೆಗ್ನರ್ ಪೂರ್ವ ಜರ್ಮನಿಯ ಮೋಟಾರ್ ಸೈಕಲ್ ಸವಾರ. ೧೯೬೧ರಲ್ಲಿ ಪಶ್ಚಿಮಕ್ಕೆ ತಪ್ಪಿಸಿಕೊಂಡು ಬಂದನು. ಹೆಂಡತಿ ಮಕ್ಕಳನ್ನು ಕಾರಿನ ಹಿಂಬದಿಯ ಪೆಟ್ಟಿಗೆಯಲ್ಲಿ ಅಡಗಿಸಿ ಗಡಿ ದಾಟಿಸಲಾಯಿತು. ಮರುವರ್ಷ ಸುಜುಕಾದ ಮೊದಲ ಪಂದ್ಯದಲ್ಲಿಯೇ ಬಿದ್ದನು. ಅಷ್ಟು ದೊಡ್ಡ ಗಡಿಯನ್ನು ದಾಟಿಬಂದವನ ಹೆಸರು ಉಳಿದಿರುವುದು ಬಿದ್ದ ಜಾಗದಲ್ಲಿ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಲಗೂನಾ ಸೆಕಾ ಪಥದಲ್ಲಿ ಬಿರಡೆ ತೆಗೆಯುವ ತಿರುಪಿನ ಹೆಸರನ್ನೇ ಹೊತ್ತ ಕಾರ್ಕ್‌ಸ್ಕ್ರೂ ತಿರುವುಂಟು. ಗುಡ್ಡದ ತುದಿಯಲ್ಲಿ ಎಡಕ್ಕೆ, ಕೂಡಲೇ ಬಲಕ್ಕೆ. ಅಷ್ಟರಲ್ಲಿ ದಾರಿಯು ಐದಂತಸ್ತಿನ ಮನೆಯಷ್ಟು ಕೆಳಕ್ಕೆ ಜಾರಿರುವುದು. ಇದು ನಿಧಾನವಾದ ತಿರುವೇ. ಆದರೆ ಬ್ರೇಕ್ ಹಾಕುವಾಗ ಎದುರಿಗೆ ಆಕಾಶವಲ್ಲದೆ ಬೇರೇನೂ ಕಾಣದಂತೆ.

ಇಷ್ಟನ್ನೆಲ್ಲ ಹೇಳಿ, ಎಲ್ಲಕ್ಕಿಂತ ಹೆಸರಾದ ಮೃತ್ಯುಸ್ಥಾನವನ್ನು ಬಿಟ್ಟರೆ ಲೇಖನವು ಅಪೂರ್ಣವಾದೀತು. ಇಟಲಿಯ ಈಮೋಲಾ ಪಥದಲ್ಲಿದ್ದ ಟಾಂಬುರೆಲ್ಲೋ ತಿರುವು ಕಠಿನವಾದುದೇ ಅಲ್ಲ. ಎಡಕ್ಕೆ ವಿಶಾಲವಾಗಿ ಬಾಗಿದ ಆ ದಾರಿಯಲ್ಲಿ ಎಲ್ಲರೂ ಕಾಲೆತ್ತದೆಯೇ ಹೋಗುತ್ತಿದ್ದರು. ಆದರೆ ಹೊರಬದಿಯಲ್ಲಿ, ದಾರಿಗೆ ತೀರ ಸಮೀಪದಲ್ಲಿ, ಕಾಂಕ್ರೀಟಿನ ಗೋಡೆ. ೧೯೮೯ರಲ್ಲಿ ಗೆರ್ಹಾರ್ಡ್ ಬೆರ್ಗರ್ ಅದಕ್ಕೆ ಬಡಿದು ಕಾರಿಗೆ ಬೆಂಕಿ ಹತ್ತಿಕೊಂಡಿತು, ದೈವವಶದಿಂದ ಬದುಕಿದನು. ಗೋಡೆಯನ್ನು ಹಿಂದಕ್ಕೆ ಸರಿಸಬಹುದೇ ಎಂದು ನೋಡಲು ತಾನೂ ಬ್ರೆಜಿಲಿನ ಆಯರ್ಟನ್ ಸೆನ್ನಾನೂ ಅಲ್ಲಿಗೆ ಹೋಗಿದ್ದುದಾಗಿಯೂ, ಗೋಡೆಯ ಹಿಂದೆಯೇ ಸಾಂತೆರ್ನೋ ನದಿಯಿದ್ದುದನ್ನು ಕಂಡು ಇನ್ನೇನೂ ಮಾಡುವಂತಿಲ್ಲವೆಂದುಕೊಂಡು ಹಿಂದಿರುಗಿದುದಾಗಿಯೂ ಬೆರ್ಗರ್ ಆಮೇಲೆ ಹೇಳಿದ್ದಾನೆ. ೧೯೯೪ನೆಯ ಮೇ ೧ರಂದು ಸೆನ್ನಾನ ಕಾರು ಅದೇ ತಿರುವಿನಲ್ಲಿ ಬಾಗದೆ ನೇರವಾಗಿ ಅದೇ ಗೋಡೆಗೆ ಹೋಯಿತು. ಹಿಂದಿನ ದಿನವೇ ಅದೇ ಪಥದ ಮತ್ತೊಂದು ತಿರುವಿನಲ್ಲಿ ಆಸ್ಟ್ರಿಯಾದ ರೋಲಾಂಡ್ ರಾಟ್‌ಜೆನ್‌ಬೆರ್ಗರ್ ಸತ್ತಿದ್ದನು.

ಮರುವರ್ಷದ ಹೊತ್ತಿಗೆ ಟಾಂಬುರೆಲ್ಲೋವನ್ನು ಒಡೆದು ನಿಧಾನವಾದ ಓರೆದಾರಿಯನ್ನಾಗಿ ಮಾಡಿದರು. ೧೯೯೪ರಲ್ಲಿ ಸ್ಪಾದ ಓ ರೂಜಿಗೂ ಇಂಥದೇ ತಾತ್ಕಾಲಿಕವಾದ ತಡೆಯನ್ನು ಇಟ್ಟು, ಮರುವರ್ಷ ತೆಗೆದರು. ನಮ್ಮ ಅಭಿಪ್ರಾಯವನ್ನು ಕೇಳುವವರಿಲ್ಲದಿದ್ದರೂ ಹೇಳಿಬಿಡುವೆವು. ಪಾಠವು ಕಠಿನವಾಯಿತೆಂದು ಪಾಠವನ್ನೇ ಪುಸ್ತಕದಿಂದ ತೆಗೆಯುವುದು ನಮಗೆ ಒಪ್ಪಿಗೆಯಾಗತಕ್ಕದ್ದಲ್ಲ. ಆದರೆ ತಪ್ಪು ಹೇಳಿದ ಹುಡುಗನ ಬೆನ್ನ ಹಿಂದೆ ಗೋಡೆಯಿರಕೂಡದು. ಹಳೆಯ ಸ್ಪಾ ಪಥದಲ್ಲಿ ಮನೆಗಳ ನಡುವೆಯೇ ಹಾದುಹೋಗುತ್ತಿದ್ದ ಮಾಸ್ತಾ ಎಂಬ ತಿರುವಿನಲ್ಲಿ ೧೯೬೬ರಲ್ಲಿ ಮಳೆಯೊಳಗೆ ಜಾರಿಬಿದ್ದ ಜಾಕಿ ಸ್ಟ್ಯುವರ್ಟ್, ಸೋರುವ ಪೆಟ್ರೋಲಿನಲ್ಲಿ ನೆನೆದು ಮುರಿದ ಕಾರಿನಲ್ಲಿ ಸಿಕ್ಕಿಕೊಂಡಿದ್ದನು. ಗ್ರಹಾಂ ಹಿಲ್, ಬಾಬ್ ಬಾಂಡುರಾಂಟ್ ಎಂಬ ಇಬ್ಬರು ಚಾಲಕರು ಪ್ರೇಕ್ಷಕನೊಬ್ಬನಿಂದ ಸ್ಪ್ಯಾನರನ್ನು ಎರವಲು ತಂದು ಅವನನ್ನು ಬಿಡಿಸಬೇಕಾಯಿತು. ಅಂದಿನಿಂದ ಅವನು ತನ್ನ ಕಾರಿನಲ್ಲಿ ಒಂದು ಸ್ಪ್ಯಾನರನ್ನು ಅಂಟಿಸಿಕೊಂಡೇ ಓಡಿಸುತ್ತಿದ್ದನು; ವೈದ್ಯರು, ತಡೆಬೇಲಿಗಳು, ಬೆಂಕಿ ಆರಿಸುವವರು ಎಂದು ಎಲ್ಲ ಕಡೆಯಲ್ಲಿಯೂ ಹಟ ಹಿಡಿದನು. ಅವನನ್ನು ಹೇಡಿಯೆಂದವರೂ ಇದ್ದರು.

ಸ್ಪಾದವರು ೨೦೨೨ರ ಪಂದ್ಯಕಾಲಕ್ಕೆ ಮುಂಚೆ ರೆದಿಯೋಂ ಏರಿನ ಬದಿಯ ಗೋಡೆಗಳನ್ನು ಹಿಂದಕ್ಕೆ ಸರಿಸಿ, ಜಾರಿದ ಕಾರು ನಿಲ್ಲುವುದಕ್ಕೆ ಹೆಚ್ಚು ಸ್ಥಳವನ್ನೂ ಕೆಲವೆಡೆ ಜಲ್ಲಿಯನ್ನೂ ಒದಗಿಸಿದರು. ತಿರುವಿನ ಆಕಾರವನ್ನು ಮುಟ್ಟಲಿಲ್ಲ. ಇದು ಸರಿಯಾದ ರೀತಿಯೆಂದು ನಾವು ಸಂತೋಷಪಟ್ಟೆವು. ಅಷ್ಟರಲ್ಲಿಯೇ ೨೦೨೩ನೆಯ ಜುಲೈ ೧ರಂದು, ಏರನ್ನು ದಾಟಿದ ಮೇಲಿನ ಕೆಮೆಲ್ ದಾರಿಯಲ್ಲಿ, ಮಳೆಯ ನೀರು ಚಕ್ರಗಳಿಂದ ಮಂಜಿನಂತೆ ಎದ್ದು ಮುಂದಿನದೇನೂ ಕಾಣದಿದ್ದಾಗ, ಹದಿನೆಂಟು ವರ್ಷದ ಡಚ್ಚರ ಹುಡುಗ ದಿಲಾನೋ ವಾನ್ಟ್ ಹಾಫ್ ತೀರಿಕೊಂಡನು. ಅಲ್ಲಿ ತಿರುವಿನ ದೋಷವೂ ಇರಲಿಲ್ಲ, ಗೋಡೆಯೊಂದರದೇ ದೋಷವೂ ಇರಲಿಲ್ಲ. ಕಣ್ಣಿಗೆ ಕಾಣದ ಮಳೆಯಲ್ಲಿ ಓಡಿಸಿದುದೇ ದೋಷ.

ನಮ್ಮ ಮನೆಯವರಿಗೆ ಈ ಪಂದ್ಯಗಳಲ್ಲಿ ಆಸಕ್ತಿಯಿಲ್ಲ. ಆದರೆ ಸ್ಪಾದ ಪಂದ್ಯದ ದಿನ ಮೊದಲನೆಯ ಸುತ್ತಿಗೆ ಸರಿಯಾಗಿ ಅಡುಗೆಯ ಮನೆಯಿಂದ ಬಂದು ಬಾಗಿಲಲ್ಲಿ ನಿಲ್ಲುವರು. ಎಲ್ಲ ಕಾರುಗಳೂ ಒತ್ತೊತ್ತಾಗಿ ಆ ಏರಿಗೆ ನುಗ್ಗುವುದು ಆ ಒಂದು ಸುತ್ತಿನಲ್ಲಿಯೇ. ಅಷ್ಟೂ ಮೇಲೆ ಬಂದುವೆಂದು ಕಿರಿಯ ಹುಡುಗನು ಎಣಿಸಿ ಹೇಳಬೇಕು. ಹೇಳಿದ ಮೇಲೆ ಅವರು ಒಳಕ್ಕೆ ಹೋಗುವರು.